ಡಿಸ್ಕ್ ಬ್ರೇಕಿನಿಂದ ಆರು ಲಿಂಬೆಹಣ್ಣಿನ ತೂಕ ಇಳಿಸುವುದು ಹೇಗೆ?

ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಟಾ ಬೆಲ್ಲ, ಶೇಂಗಾ, ಒಣಮೆಣಸಿನಕಾಯಿ ಎಲ್ಲ ಕಂಡಿದೆ. ಸೈಕಲ್ಲಿನ ಬ್ರೇಕ್ ಕಂಡದ್ದು ಅದೇ ಮೊದಲು. ಎರಡು ಲಿವರ್, ಎರಡು ಕ್ಯಾಲಿಪರ್ (ಡಿಸ್ಕನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಇಕ್ಕಳದಂಥ ಭಾಗ), ಎರಡು ಡಿಸ್ಕ್, ಕೇಬಲ್ ಸುರುಳಿ, ಹನ್ನೆರಡು ಸಣ್ಣ ಬೋಲ್ಟ್, ಎಲ್ಲವನ್ನೂ ತಟ್ಟೆಯಲ್ಲಿ ಸುರಿದಾಗ ಅಂಗಡಿಯವರು "ಯಾಕ್ರೀ ಸರ, ಗುಜರಿಗಿ ಹಾಕ್ತೀರೇನು?" ಎಂದರು. ಕಾಟಾ ತೋರಿಸಿದ್ದು 1 ಕಿಲೋ 142 ಗ್ರಾಂ. ಅಲ್ಲೇ ಬುಟ್ಟಿಯಲ್ಲಿದ್ದ ಇಂಡಿ ಲಿಂಬೆಹಣ್ಣೊಂದನ್ನು ಎತ್ತಿಟ್ಟೆ. 45 ಗ್ರಾಂ. ಅಂದಿನಿಂದ ನನ್ನ ಲೆಕ್ಕವೆಲ್ಲ ಲಿಂಬೆಹಣ್ಣಿನಲ್ಲೇ.

55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪು ಇಟ್ಟುಕೊಂಡ ವಿಜಯಪುರದಲ್ಲಿ ಕೂತು ಗ್ರಾಂ ಎಣಿಸುವುದು ತಮಾಷೆಯೇ. ಆದರೆ ಇದು ಸೈಕಲ್ ಸೀಮೆ. ರಾಜ್ಯದ ಸೈಕಲ್ ಪಟುಗಳಲ್ಲಿ ವಿಜಯಪುರ, ಬಾಗಲಕೋಟೆಯವರದೇ ದೊಡ್ಡ ಪಾಲು. ಬೆಳಿಗ್ಗೆ ಐದೂವರೆಗೆ ಸೋಲಾಪುರ ರಸ್ತೆಯಲ್ಲಿ ನಿಂತರೆ ಯಾಕೆಂದು ಗೊತ್ತಾಗುತ್ತದೆ. ಪಟುಗಳದ್ದು ಬೇರೆ ಮಾತು ಬಿಡಿ. ಇಲ್ಲಿ ಹೇಳುತ್ತಿರುವುದು ಆಫೀಸಿಗೆ, ಪೇಟೆಗೆ, ರವಿವಾರ ಭೂತನಾಳ ಕೆರೆಯ ತನಕ ಓಡಿಸುವ 14 ಕಿಲೋದ ಗೇರ್ ಸೈಕಲ್ ಬಗ್ಗೆ. ಇಂಥ ಸೈಕಲ್ಲಿಗೆ ಬರುವುದು ಸಾಮಾನ್ಯವಾಗಿ ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಬ್ರೇಕ್. ರಿಮ್ ಹಿಡಿಯುವ ಬ್ರೇಕ್ ಇದಕ್ಕಿಂತ ಹಗುರ ನಿಜ, ಆದರೆ ಮಳೆ ಬಿದ್ದ ದಿನ ನಮ್ಮ ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಅದರ ಕಥೆ ಮುಗಿಯಿತು. ಡಿಸ್ಕ್ ನೆಲದಿಂದ ಮೇಲೆ, ಗಾಲಿಯ ನಡುವಿನ ಹಬ್ ಹತ್ತಿರ ಇರುವುದರಿಂದ ಕೆಸರಿಗೆ ಅಷ್ಟು ಸಿಗುವುದಿಲ್ಲ.

ಮೊದಲೇ ಒಂದು ಭ್ರಮೆ ಬಿಡಿಸಿಬಿಡುತ್ತೇನೆ. "ತಿರುಗುವ ಭಾಗ ಹಗುರಾದರೆ ಸೈಕಲ್ ಹಾರುತ್ತದೆ" ಎನ್ನುವವರಿದ್ದಾರೆ. ಟೈರು, ರಿಮ್ಮಿನ ವಿಷಯದಲ್ಲಿ ಅದು ಸರಿ. ಡಿಸ್ಕ್ ತಿರುಗುವುದು ಹಬ್ಬಿನಿಂದ ಏಳೆಂಟು ಸೆಂಟಿಮೀಟರ್ ಅಂತರದಲ್ಲಿ, ರಿಮ್ ಮೂವತ್ತು ಸೆಂಟಿಮೀಟರ್ ಆಚೆ. ತಿರುಗುವ ಜಡತ್ವ ಈ ಅಂತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಡಿಸ್ಕಿನ ಒಂದು ಗ್ರಾಂ ರಿಮ್ಮಿನ ಒಂದು ಗ್ರಾಮಿನ ಸುಮಾರು ಹದಿನೈದರಲ್ಲಿ ಒಂದು ಪಾಲಿನಷ್ಟೇ ಕಾಡುತ್ತದೆ. ಹಾಗಾಗಿ ಬ್ರೇಕಿನಲ್ಲಿ ಉಳಿಸಿದ ತೂಕ ಬರೀ ತೂಕ, ಮಾಯೆ ಏನಿಲ್ಲ. ನನ್ನ ಲೆಕ್ಕಾಚಾರ ಇಷ್ಟೇ: ತೂಕವೂ ಇಳಿಯಬೇಕು, ಬ್ರೇಕೂ ಸುಧಾರಿಸಬೇಕು. ಎರಡೂ ಆಗುವ ಕೆಲಸ ಮೊದಲು, ಬರೀ ತೂಕ ಇಳಿಯುವ ಕೆಲಸ ಕೊನೆಗೆ.

ಕೇಬಲ್‌ನಿಂದ ಶುರು ಮಾಡಿ

ಖರ್ಚು ಕಡಿಮೆ, ಲಾಭ ಕೈಗೆ ತಿಳಿಯುವಂಥದ್ದು. ಅಂಗಡಿಯಲ್ಲಿ ಜೋಡಿಸುವಾಗ ಕೇಬಲ್ಲನ್ನು ಉದ್ದ ಬಿಟ್ಟಿರುತ್ತಾರೆ, ಹ್ಯಾಂಡಲ್ ಮುಂದೆ ಅದು ಬಳೆಯ ಹಾಗೆ ಬಾಗಿ ನಿಂತಿರುತ್ತದೆ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ಹೊರಳಿಸಿ ನೋಡಿ. ಕೇಬಲ್ ಬಿಗಿಯಾಗದೆ, ಮುರಿದ ಹಾಗೆ ಬಾಗದೆ ಇರಲು ಎಷ್ಟು ಬೇಕೋ ಅಷ್ಟಕ್ಕೆ ಗುರುತು ಹಾಕಿ, ಅದಕ್ಕಿಂತ ಒಂದು ಬೆರಳು ಹೆಚ್ಚು ಇಟ್ಟು ಔಟರ್ (ಕೇಬಲ್ಲಿನ ಹೊರಕವಚ) ಕತ್ತರಿಸಿ. ಸಾದಾ ಇಕ್ಕಳದಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಕೇಬಲ್ ಕಟರ್ ಬೇಕು, ಆಮೇಲೆ ತುದಿಯನ್ನು ಅರದಿಂದ ಸಮ ಮಾಡಿ, ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿಯನ್ನು ಸೂಜಿಯಿಂದ ಬಿಡಿಸಿ.

ಇಲ್ಲೇ ಒಂದು ಅಪಾಯವಿದೆ. ಗೇರಿಗೆ ಬಳಸುವ 4 ಮಿ.ಮೀ. ಔಟರ್ ತೆಳ್ಳಗೆ, ಹಗುರ ಎಂದು ಅದನ್ನೇ ಬ್ರೇಕಿಗೆ ಹಾಕುವವರನ್ನು ಕಂಡಿದ್ದೇನೆ. ಗೇರ್ ಔಟರಿನೊಳಗಿನ ತಂತಿಗಳು ಉದ್ದಕ್ಕೆ ನೇರ ಇರುತ್ತವೆ, ಅವನ್ನು ಹಿಡಿದಿರುವುದು ಹೊರಗಿನ ಪ್ಲಾಸ್ಟಿಕ್ ಮಾತ್ರ. ಜೋರಾಗಿ ಬ್ರೇಕ್ ಹಿಡಿದಾಗ ಅದು ಸಿಡಿಯಬಹುದು. ಬ್ರೇಕಿನ 5 ಮಿ.ಮೀ. ಔಟರಿನಲ್ಲಿ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಸಿಡಿಯುವುದಿಲ್ಲ, ಆದರೆ ಒತ್ತಡಕ್ಕೆ ಸ್ವಲ್ಪ ಕುಗ್ಗುತ್ತದೆ. ಉದ್ದವಿದ್ದಷ್ಟೂ ಕುಗ್ಗುವುದು ಹೆಚ್ಚು. ಹಿಂದಿನ ಬ್ರೇಕ್ ಸದಾ ಮೆತ್ತಗೆ ಅನಿಸುವುದು ಇದಕ್ಕೇ. ಬ್ರೇಕಿಗೆಂದೇ ಮಾಡಿದ, ಕುಗ್ಗದ ಔಟರ್ ಸಿಗುತ್ತದೆ, ತಂತಿಗಳ ಮೇಲೆ ಗಟ್ಟಿ ಹೆಣಿಗೆ ಇರುತ್ತದೆ. ತುಸು ಭಾರ, ತುಸು ದುಬಾರಿ, ಆದರೂ ಹಿಂದಕ್ಕೆ ಅದನ್ನೇ ಹಾಕಿ. ನಾನು ಹಾಕಿದೆ. ಅದರ ತೂಕ ಸೇರಿಯೂ 150 ಗ್ರಾಂ ಇದ್ದ ಕೇಬಲ್ಲು 120ಕ್ಕೆ ಇಳಿಯಿತು.

ಲಿವರ್ ವಿಷಯ ಚಿಕ್ಕದು. ಕಬ್ಬಿಣದ್ದು ತೆಗೆದು ಎರಡು ಬೆರಳಿನ ಅಲ್ಯೂಮಿನಿಯಂ ಲಿವರ್ ಹಾಕಿದರೆ ಜೋಡಿಗೆ 58 ಗ್ರಾಂ ಉಳಿಯಿತು. ಕ್ಯಾಲಿಪರ್ ಎಷ್ಟು ಕೇಬಲ್ ಎಳೆತ ಕೇಳುತ್ತದೋ ಅಷ್ಟೇ ಎಳೆಯುವ ಲಿವರ್ ಇರಬೇಕು, ಅಷ್ಟನ್ನು ಕೇಳಿ ತನ್ನಿ. ನೇರ ಹ್ಯಾಂಡಲ್ಲಿನ ಲಿವರ್ ಹೆಚ್ಚು ಎಳೆಯುತ್ತದೆ, ಬಾಗಿದ ರೇಸ್ ಹ್ಯಾಂಡಲ್ಲಿನದು ಕಡಿಮೆ. ಹೆಚ್ಚು ಎಳೆತ ಕೇಳುವ ಕ್ಯಾಲಿಪರಿಗೆ ಕಡಿಮೆ ಎಳೆಯುವ ಲಿವರ್ ಹಾಕಿದರೆ, ಅದು ಹ್ಯಾಂಡಲ್ಲಿಗೆ ಬಡಿದರೂ ಗಾಲಿ ನಿಲ್ಲುವುದಿಲ್ಲ.

ಡಿಸ್ಕಿಗೆ ತೂತು ಹೊಡೆಯಬೇಡಿ

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಳೆಯ ಡಿಸ್ಕೊಂದಕ್ಕೆ ಮನೆಯ ಡ್ರಿಲ್ಲಿನಿಂದ ಹದಿನಾಲ್ಕು ತೂತು ಹೊಡೆದೆ. ಕೆಲಸ ಮುಗಿದಾಗ ಡಿಸ್ಕ್ ಹಪ್ಪಳದಂತೆ ಸೊಟ್ಟಗಾಗಿತ್ತು, ಉಳಿದದ್ದು 5 ಗ್ರಾಂ. ಸ್ಟೇಶನ್ ಕಡೆಯ ನಮ್ಮ ಸೈಕಲ್ ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಹೊಡೀರಿ, ಇನ್ನೂ ಹೊಡೀರಿ ತೂತು. ಆಮ್ಯಾಲ ನಿಮ್ಮನ್ನ ನಿಲ್ಲಸೂದು ಗೋಳಗುಮ್ಮಟದ ಗ್ವಾಡಿನ!"

ಸರಿಯಾದ ದಾರಿ, ಒಳಗಿನ ಭಾಗವನ್ನು ಹಗುರ ಮಾಡಿಯೇ ತಯಾರಿಸಿದ ಡಿಸ್ಕ್ ಕೊಳ್ಳುವುದು. ಮುಂದೆ 160 ಮಿ.ಮೀ. ವ್ಯಾಸದ್ದು ಇರಲಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಗಾಲಿಯದು. ಹಿಂದೆ 140 ಸಾಕು. ಎಂಟರಲ್ಲೊಂದು ಪಾಲು ಹಿಡಿತ ಕಡಿಮೆಯಾಗುತ್ತದೆ, ಆದರೆ ಹಿಂದಿನ ಗಾಲಿ ಹೇಗಿದ್ದರೂ ಬೇಗ ಜಾರುವಂಥದ್ದು. ನನ್ನ ಹಳೆಯ ಡಿಸ್ಕ್‌ಗಳು ತಲಾ 134 ಗ್ರಾಂ ಇದ್ದವು, ಈಗ ಮುಂದಿನದು 108, ಹಿಂದಿನದು 90. ಕೊಳ್ಳುವ ಮೊದಲು ಫ್ರೇಮ್ ನೋಡಿ: ಕ್ಯಾಲಿಪರ್ ಕೂರುವ ಜಾಗವೇ 160ಕ್ಕೆಂದು ಮಾಡಿದ್ದರೆ 140 ಕೂರುವುದಿಲ್ಲ. ನೂರು ಕಿಲೋ ಮೇಲಿನವರು, ಹಿಂದೆ ಮಗುವನ್ನೋ ಸಾಮಾನನ್ನೋ ಹೇರುವವರು ಇದರ ಗೊಡವೆಗೆ ಹೋಗಬೇಡಿ. ಹಳೆಯ ಡಿಸ್ಕ್ ಸವೆದು ತೆಳ್ಳಗಾಗಿದೆ ಎಂದು ಖುಷಿಪಡುವುದೂ ಬೇಡ. ಹೊಸದು 1.8 ಮಿ.ಮೀ. ದಪ್ಪ ಇರುತ್ತದೆ, 1.5ಕ್ಕೆ ಬಂದರೆ ಬದಲಿಸಲೇಬೇಕು.

ಡಿಸ್ಕಿನ ಆರು ಬೋಲ್ಟ್‌ಗಳಿಗೆ ನಕ್ಷತ್ರದ ಬಾಯಿಯ ಟಿ-25 ಕೀ ಬೇಕು. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಟೈಟೇನಿಯಂ ಬೋಲ್ಟ್ ಹಾಕಿದರೆ ಹನ್ನೆರಡಕ್ಕೆ ಸೇರಿ ಹತ್ತು ಗ್ರಾಂ ಉಳಿದೀತು, ಲಿಂಬೆಹಣ್ಣಿನ ಕಾಲುಭಾಗವೂ ಇಲ್ಲ. ನಾನು ಹಾಕಿಲ್ಲ. ಅಲ್ಯೂಮಿನಿಯಂ ಬೋಲ್ಟಂತೂ ಇಲ್ಲಿಗೆ ಬೇಡವೇ ಬೇಡ.

ಇನ್ನೊಂದು ಕಡೆ ಜನ ತೂಕ ಹುಡುಕುತ್ತಾರೆ: ಮುಂದಿನ ಗಾಲಿಯ ಕ್ವಿಕ್ ರಿಲೀಸ್, ಅಂದರೆ ಪಾನಾ ಇಲ್ಲದೆ ಗಾಲಿ ಬಿಚ್ಚಲು ಬರುವ ಕಡ್ಡಿ. ಗಾಲಿಯನ್ನು ಹಿಡಿದಿರುವ ಫೋರ್ಕಿನ ತುದಿಯಲ್ಲಿ ಸಣ್ಣ ತುಟಿಯಂಥ ಏರು ಇರುತ್ತದಲ್ಲ, ಗಾಲಿ ಬೇಗ ಬಿಚ್ಚಲಿ ಎಂದು ಅದನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ, ತೀರಾ ಹಗುರದ ಕಡ್ಡಿ ಹಾಕುತ್ತಾರೆ. ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಹೇಗೋ ನಡೆದೀತು. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್ ಫೋರ್ಕಿನ ಎಡಗಾಲಿನ ಹಿಂದೆ ಕೂತಿರುತ್ತದೆ. ಬ್ರೇಕ್ ಹಿಡಿದಾಗಲೆಲ್ಲ ಆ ಬಲ ಗಾಲಿಯ ಆಕ್ಸಲ್ಲನ್ನು ಕೆಳಕ್ಕೆ, ಫೋರ್ಕಿನಿಂದ ಹೊರಕ್ಕೆ ನೂಕುತ್ತದೆ. ಅದನ್ನು ತಡೆಯುವುದು ಕಡ್ಡಿಯ ಬಿಗಿ ಮತ್ತು ಆ ತುಟಿ, ಇವೆರಡೇ. ಅವನ್ನು ಮುಟ್ಟಬೇಡಿ.

ಕ್ಯಾಲಿಪರ್ ಕೂರಿಸುವುದು

ಅತಿ ಹೆಚ್ಚು ತೂಕ ಇಳಿದದ್ದು ಇಲ್ಲಿ: ತಲಾ 50 ಗ್ರಾಂ. ಖರ್ಚಾದದ್ದೂ ಇಲ್ಲೇ. ಡಿಸ್ಕಿಗೆ ಒತ್ತಿ ಹಿಡಿಯುವ ಪ್ಯಾಡಿನ ಬೆನ್ನ ತಗಡು ಉಕ್ಕಿನ ಬದಲು ಅಲ್ಯೂಮಿನಿಯಂ ಇರುವುದನ್ನು ತಂದದ್ದರಿಂದ ನಾಲ್ಕಕ್ಕೆ ಸೇರಿ ಇನ್ನೂ 12 ಗ್ರಾಂ ಹೋಯಿತು.

ಬಹಳಷ್ಟು ಮೆಕ್ಯಾನಿಕಲ್ ಕ್ಯಾಲಿಪರ್‌ಗಳಲ್ಲಿ ಚಲಿಸುವುದು ಹೊರಗಿನ ಪ್ಯಾಡ್ ಒಂದೇ. ಅದು ಡಿಸ್ಕನ್ನು ತುಸು ಬಾಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಆದ್ದರಿಂದ ಒಳಗಿನ ಪ್ಯಾಡ್ ಡಿಸ್ಕಿಗೆ ಕೂದಲೆಳೆ ದೂರದಲ್ಲಿರಬೇಕು. ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಅದು ಅತ್ತಿತ್ತ ಆಡುವಂತಿರಲಿ. ಲಿವರನ್ನು ಗಟ್ಟಿಯಾಗಿ ಹಿಡಿದು, ಹಳೆಯ ಟ್ಯೂಬಿನ ತುಂಡಿನಿಂದ ಹ್ಯಾಂಡಲ್ಲಿಗೆ ಕಟ್ಟಿ. ಈಗ ಕ್ಯಾಲಿಪರ್ ತಾನೇ ಡಿಸ್ಕಿಗೆ ಹೊಂದಿಕೊಂಡು ಕೂತಿರುತ್ತದೆ. ಅದೇ ಸ್ಥಿತಿಯಲ್ಲಿ ಎರಡೂ ಬೋಲ್ಟನ್ನು ಒಂದಾದ ಮೇಲೊಂದು ಬಿಗಿ ಮಾಡಿ, ಕಟ್ಟು ಬಿಚ್ಚಿ. ಕೆಳಗೆ ಬಿಳಿ ಕಾಗದ ಹಿಡಿದು ಮೇಲಿಂದ ಇಣುಕಿದರೆ ಡಿಸ್ಕಿನ ಎರಡೂ ಬದಿ ಬೆಳಕಿನ ಗೆರೆ ಕಾಣಬೇಕು. ಕಾಣದಿದ್ದರೆ ಒಳಪ್ಯಾಡಿನ ತಿರುಪನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. ಮುಂದೆ ಪ್ಯಾಡ್ ಸವೆದಾಗಲೂ ಈ ತಿರುಪಿನಿಂದಲೇ ಹತ್ತಿರ ತನ್ನಿ. ಬರೀ ಕೇಬಲ್ ಎಳೆದು ಬಿಗಿ ಮಾಡುತ್ತ ಹೋದರೆ ಕ್ಯಾಲಿಪರಿನ ತೋಳು ಮೊದಲೇ ಅರ್ಧ ತಿರುಗಿರುತ್ತದೆ, ಕೊನೆಗೆ ಒತ್ತಲು ಜಾಗವೇ ಉಳಿಯುವುದಿಲ್ಲ.

ಈ ಹೊತ್ತಿನಲ್ಲಿ ಚೈನಿಗೆ ಎಣ್ಣೆ ಬಿಡುವ ಉತ್ಸಾಹ ಯಾರಿಗೂ ಬರದಿರಲಿ. ಒಂದು ಹನಿ ಡಿಸ್ಕಿಗೆ ಬಿದ್ದರೆ ಪ್ಯಾಡ್ ಕುಡಿದುಬಿಡುತ್ತದೆ, ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ಓಣಿಯ ನಾಯಿಗಳೆಲ್ಲ ಏಳುವಂತೆ ಕೂಗುತ್ತದೆ. ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು, ಸೀಮೆಎಣ್ಣೆ ಸಲ್ಲದು.

ಹೊಸ ಪ್ಯಾಡು, ಹೊಸ ಡಿಸ್ಕು ಮೊದಲ ದಿನ ಹಿಡಿಯುವುದಿಲ್ಲ, ಗಾಬರಿ ಬೇಡ. ಖಾಲಿ ರಸ್ತೆಯಲ್ಲಿ 25 ಕಿ.ಮೀ. ವೇಗಕ್ಕೆ ಏರಿ, ನಡಿಗೆಯ ವೇಗಕ್ಕೆ ಬರುವ ತನಕ ಒಂದೇ ಸಮನೆ ಬ್ರೇಕ್ ಹಿಡಿಯಿರಿ, ಪೂರ್ತಿ ನಿಲ್ಲಬೇಡಿ. ಹೀಗೆ ಇಪ್ಪತ್ತು ಸಲ ಮುಂದಿನದು, ಇಪ್ಪತ್ತು ಸಲ ಹಿಂದಿನದು. ಏಪ್ರಿಲ್ ಮೇ ತಿಂಗಳಾದರೆ ಬೆಳಿಗ್ಗೆ ಆರರೊಳಗೆ ಮುಗಿಸಿ, ಬ್ರೇಕಿಗಲ್ಲ, ನಿಮಗಾಗಿ. ಮುಗಿದ ತಕ್ಷಣ ಡಿಸ್ಕ್ ಮುಟ್ಟಿ ನೋಡುವ ಆಸೆಯನ್ನು ಅದುಮಿಕೊಳ್ಳಿ, ನನ್ನ ಹೆಬ್ಬೆರಳಿಗೆ ಅದರ ನೆನಪಿದೆ.

ಐವತ್ತು ಕಿಲೋಮೀಟರ್ ಓಡಿದ ಮೇಲೆ ಹೊಸ ಕೇಬಲ್ ತುಸು ಸಡಿಲಾಗಿರುತ್ತದೆ. ಅದನ್ನು ಎಳೆದು ಕಟ್ಟಿ, ಎಲ್ಲ ಬೋಲ್ಟಿಗೂ ಇನ್ನೊಮ್ಮೆ ಕೀ ಹಾಕಿ.

ಹೊಸ ಸಾಮಾನುಗಳನ್ನು ಜೋಡಿಸುವ ಮೊದಲು ಅದೇ ಕಾಟಾಕ್ಕೆ ಒಯ್ದಿದ್ದೆ: 872 ಗ್ರಾಂ. ಇಳಿದದ್ದು 270, ಅಂದರೆ ಸರಿಯಾಗಿ ಆರು ಲಿಂಬೆಹಣ್ಣು. ಅಂಗಡಿಯವರು ಸೈಕಲ್ಲಿನ ಮುಕ್ಕಾಲು ಲೀಟರ್ ನೀರಿನ ಬಾಟಲಿಯನ್ನೂ ತಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿದರು.