ಕಪಾಲುವಾ ಗುಡ್ಡದಲ್ಲಿ ಗಾಲ್ಫ್: ಬಾವುಟ ಬಿಡಿ, ಇಳಿಜಾರು ನೋಡಿ

ಹವಾಯಿಯ ಮಾವಿ ದ್ವೀಪದ ಕಪಾಲುವಾದಲ್ಲಿ ಪ್ಲಾಂಟೇಶನ್ ಕೋರ್ಸ್ ಅಂತ ಒಂದು ಗಾಲ್ಫ್ ಮೈದಾನ ಇದೆ. ಮುಂಚೆ ಅನಾನಸ್ ಬೆಳೆಯುತ್ತಿದ್ದ ಗುಡ್ಡ. ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಸೇರಿ ವಿನ್ಯಾಸ ಮಾಡಿದ್ದು, 1991ರಲ್ಲಿ ಶುರುವಾಯಿತು. 2025ರವರೆಗೆ ಜನವರಿಯಲ್ಲಿ ಟಿವಿ ಮುಂದೆ ಕೂತು ಇಲ್ಲಿನ ಪಂದ್ಯಾವಳಿ ನೋಡಿದವರಿಗೆ ಪರಿಚಯ ಇದ್ದೇ ಇರುತ್ತೆ. 2018ರಲ್ಲಿ ಅಮೆರಿಕದ ಆಟಗಾರ ಡಸ್ಟಿನ್ ಜಾನ್ಸನ್ 12ನೇ ಹೋಲ್‌ನಲ್ಲಿ (18 ಹಂತಗಳಲ್ಲಿ ಹನ್ನೆರಡನೆಯದು) 433 ಯಾರ್ಡ್ ಹೊಡೆದು ಚೆಂಡನ್ನು ಗುಳಿಯ ಪಕ್ಕದಲ್ಲೇ ನಿಲ್ಲಿಸಿದ್ದು ಇಲ್ಲೇ.

ಅವರ ಕಥೆ ಬಿಡಿ. ನನ್ನ ಹ್ಯಾಂಡಿಕ್ಯಾಪ್ 19, ಅಂದರೆ ಇಡೀ ಆಟಕ್ಕೆ ನಿಗದಿಯಾದ ಹೊಡೆತಗಳಿಗಿಂತ ಸುಮಾರು 19 ಜಾಸ್ತಿ ಬೇಕು. ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯೋ ಕೋಲು) 160 ಯಾರ್ಡ್ ಹೋದರೆ ಆ ದಿನ ಹಬ್ಬ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಅಲ್ಲಿಂದ ಮಾವಿಗೆ ವಿಮಾನದಲ್ಲಿ ಐದು ಗಂಟೆ ಚಿಲ್ಲರೆ. ನನ್ನಂಥ ಸಾಧಾರಣ ಆಟಗಾರರು ಅಲ್ಲಿ ಹೇಗೆ ಆಡಬೇಕು ಅನ್ನೋದಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಬುಕಿಂಗ್. ದುಬಾರಿ ಕೋರ್ಸು, ಅದರಲ್ಲಿ ಮುಚ್ಚುಮರೆ ಇಲ್ಲ. ಮಧ್ಯಾಹ್ನದ ಮೇಲೆ ದರ ಇಳಿಯುತ್ತೆ, ಆದರೆ ಗಾಳಿ ಏರುತ್ತೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಬೆಳಿಗ್ಗೆ ಸುಮಾರಾಗಿರುತ್ತೆ, ಹೊತ್ತು ಏರಿದ ಹಾಗೆ ಜೋರಾಗುತ್ತೆ. ಒಂದೇ ಸಲ ಆಡೋದಾದರೆ ಬೆಳಗಿನ ಟೀ ಟೈಮ್‌ಗೇ (ಆಟ ಶುರು ಮಾಡೋಕೆ ಕೊಡೋ ಹೊತ್ತು) ದುಡ್ಡು ಹಾಕಿ. ವಿಮಾನದ ಟಿಕೆಟ್ ತೆಗೆಯೋ ಮುಂಚೆ ಕೋರ್ಸ್ ತೆರೆದಿದೆಯಾ ಅಂತಲೂ ವಿಚಾರಿಸಿ. 2025ರಲ್ಲಿ ನೀರಿಲ್ಲದೆ ಹುಲ್ಲು ಒಣಗಿ ಎರಡು ತಿಂಗಳು ಮುಚ್ಚಿದ್ದರು.

ಕಿಟ್ ಹೊತ್ತುಕೊಂಡು ಹೋಗೋದೋ ಬಾಡಿಗೆಗೆ ತಗೊಳ್ಳೋದೋ ನಿಮ್ಮಿಷ್ಟ. ನಾನಂತೂ ಶೂ, ಗ್ಲೌಸ್ ಮತ್ತು ನನ್ನ ಪಟರ್ (ಗುಳಿಯ ಹತ್ತಿರ ಚೆಂಡು ಉರುಳಿಸೋ ಕೋಲು) ಮಾತ್ರ ಒಯ್ಯುತ್ತೇನೆ. ಪಟರನ್ನು ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು, ಕ್ಯಾಬಿನ್ನಿಗೆ ಬಿಡಲ್ಲ. ಶೂ ತಳದ ಮಣ್ಣನ್ನು ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ ತೆಗೆಯಿರಿ. ಹೊರಗಿನ ಮಣ್ಣು, ಬೀಜ ಅಂದರೆ ಅಮೆರಿಕದ ಕಸ್ಟಮ್ಸ್‌ನವರು ಬಹಳ ಬಿಗಿ, ಹವಾಯಿಯವರು ಇನ್ನೂ ಬಿಗಿ. ಸನ್‌ಸ್ಕ್ರೀನ್ ಕೂಡ ಅಷ್ಟೇ. ಹವಳದ ದಿಬ್ಬಗಳನ್ನು ಉಳಿಸೋಕೆ ಅಂತ 2022ರ ಅಕ್ಟೋಬರ್‌ನಿಂದ ಮಾವಿಯಲ್ಲಿ ಖನಿಜದ ಸನ್‌ಸ್ಕ್ರೀನ್ ಬಿಟ್ಟು ಬೇರೆಯದನ್ನು ಹಚ್ಚೋ ಹಾಗಿಲ್ಲ. ಸತುವಿನ ಆಕ್ಸೈಡ್ ಇರೋದನ್ನು ತಗೊಳ್ಳಿ. ಮುಖ ಬೂದಿ ಬಳಿದ ಹಾಗೆ ಕಾಣುತ್ತೆ, ಪರವಾಗಿಲ್ಲ.

ಈಗ ಆಟ. ಬೆಂಗಳೂರಲ್ಲಿ ಆಡೋ ನಮಗೆ ಕಾಲ ಕೆಳಗಿನ ನೆಲ ಹೆಚ್ಚುಕಮ್ಮಿ ಸಮತಟ್ಟು. ಕಪಾಲುವಾದಲ್ಲಿ ಟೀ (ಮೊದಲ ಹೊಡೆತದ ಜಾಗ) ಮೇಲೆ ಬಿಟ್ಟರೆ ಎರಡೂ ಪಾದ ಒಂದೇ ಮಟ್ಟದಲ್ಲಿ ಇರೋದೇ ಅಪರೂಪ. ಮಡಿಕೇರಿ, ಬಿಟ್ಟಂಗಾಲದ ಕಡೆ ಆಡಿದವರಿಗೆ ಅರ್ಧ ಪಾಠ ಆಗಿಹೋಗಿರುತ್ತೆ. ಉಳಿದವರು ಹೊರಡೋ ಮುಂಚೆ ಒಂದು ವಾರಾಂತ್ಯ ಆ ಕಡೆ ಹೋಗಿ ಬನ್ನಿ.

ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ. ಚೆಂಡು ಪಾದಕ್ಕಿಂತ ಮೇಲಿದ್ದರೆ ಅದು ಎಡಕ್ಕೆ ಎಳೆಯುತ್ತೆ. ಗ್ರಿಪ್ ಸ್ವಲ್ಪ ಕೆಳಗೆ ಹಿಡಿದು ಬಲಕ್ಕೆ ಗುರಿ ಇಡಿ. ಪಾದಕ್ಕಿಂತ ಕೆಳಗಿದ್ದರೆ ಉಲ್ಟಾ: ಮಂಡಿ ಬಗ್ಗಿಸಿ, ಎಡಕ್ಕೆ ಗುರಿ ಇಟ್ಟು, ಹೊಡೆದು ಮುಗಿಯೋವರೆಗೂ ಆ ಎತ್ತರದಲ್ಲೇ ಇರಿ. ಮಧ್ಯದಲ್ಲಿ ಎದ್ದರೆ ಚೆಂಡಿನ ತಲೆ ಮಾತ್ರ ಸವರುತ್ತೀರಿ. ಏರಿನಲ್ಲಾಗಲಿ ಇಳಿಜಾರಿನಲ್ಲಾಗಲಿ ಭುಜದ ಓರೆ ನೆಲದ ಓರೆಗೆ ಸರಿಯಾಗಿರಲಿ. ಇಳಿಜಾರಿನ ಹೊಡೆತ ತಗ್ಗಿ ಹಾರಿ ಜಾಸ್ತಿ ಉರುಳುತ್ತೆ. ಗ್ರೀನ್ (ಗುಳಿ ಇರೋ ನುಣುಪು ಹುಲ್ಲು) ನಿಮಗಿಂತ ಹತ್ತು ಯಾರ್ಡ್ ಕೆಳಗಿದ್ದರೆ ದೂರದಲ್ಲಿ ಸರಿಸುಮಾರು ಹತ್ತು ಕಳೆಯಿರಿ, ಮೇಲಿದ್ದರೆ ಕೂಡಿಸಿ. ಗಾಳಿಯ ಲೆಕ್ಕ ಬೇರೆ. ಮುಖಕ್ಕೆ ಗಾಳಿ ಇದ್ದಾಗ ಒಂದಲ್ಲ, ಎರಡು ಕ್ಲಬ್ ದೊಡ್ಡದು, ಅಂದರೆ ಇನ್ನೂ ದೂರ ಹೊಡೆಯೋ ಕೋಲು, ತಗೊಂಡು ಮೆತ್ತಗೆ ಹೊಡೆಯಿರಿ. ನಮ್ಮೆಜಮಾನ್ರು ಜೋರಾಗಿ ಹೊಡೆದೇ ತೀರುತ್ತಾರೆ. ಚೆಂಡು ಮೇಲಕ್ಕೆ ಹೋಗುತ್ತೆ, ಮುಂದಕ್ಕಲ್ಲ.

ಫೇರ್‌ವೇಗಳು (ಟೀಯಿಂದ ಗ್ರೀನ್‌ವರೆಗಿನ ಹುಲ್ಲುದಾರಿ) ಸಿಕ್ಕಾಪಟ್ಟೆ ಅಗಲ. ಗಾಳಿಗೆ ಅಂತಲೇ ಹಾಗೆ ಮಾಡಿದ್ದು. ಅದನ್ನು ನೋಡಿ ಮೈಮರೆಯಬೇಡಿ. ನಡುವೆ ಬಿದ್ದ ಚೆಂಡು ನಡುವೆಯೇ ನಿಲ್ಲಲ್ಲ. ಬಾವುಟಕ್ಕೆ ನೇರ ಗುರಿ ಇಡೋ ಬದಲು, ನೆಲ ಯಾವ ಕಡೆಗೆ ವಾಲಿದೆ ನೋಡಿ, ಅದರ ಮೇಲ್ಭಾಗದಲ್ಲಿ ಬೀಳಿಸಿ. ಇನ್ನೇನು, ಗುಡ್ಡವೇ ಉರುಳಿಸಿಕೊಂಡು ಹೋಗುತ್ತೆ. ಮೊದಲ ಹೋಲ್‌ನಲ್ಲೇ ಇದರ ರುಚಿ ಸಿಗುತ್ತೆ. ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕು), ಇಳಿಜಾರು, ಆದರೆ ಎರಡನೇ ಹೊಡೆತಕ್ಕೆ ಅಡ್ಡ ಒಂದು ಕಮರಿ. ನನ್ನಷ್ಟೇ ದೂರ ಹೊಡೆಯೋರು ಕಮರಿಗೆ ಮುಂಚೆ ನಿಲ್ಲಿಸಿ, ಮೂರನೇ ಹೊಡೆತದಲ್ಲಿ ದಾಟಿ. ಬೋಗಿ (ಪಾರ್‌ಗಿಂತ ಒಂದು ಹೊಡೆತ ಜಾಸ್ತಿ) ಬಂದರೆ ಲಾಭ. ಟೀ ಕೂಡ ತೀರಾ ಮುಂದಿನದೇ ಆರಿಸಿಕೊಳ್ಳಿ, ಮರ್ಯಾದೆ ಪ್ರಶ್ನೆ ಮಾಡಬೇಡಿ.

ಗ್ರೀನ್ ಮೇಲೆ ನಮ್ಮ ಕ್ಯಾಡಿಗಳು (ಕಿಟ್ ಹೊತ್ತು ಸಲಹೆ ಕೊಡೋರು) ನೆನಪಾಗುತ್ತಾರೆ. ಇಲ್ಲಿ "ಮೇಡಂ, ಎರಡು ಕಪ್ ಲೆಫ್ಟು, ಮೆತ್ತಗೆ" (ಎರಡು ಗುಳಿಯಷ್ಟು ಎಡಕ್ಕೆ) ಅಂದರೆ ಮುಗೀತು. ಅಲ್ಲಿ ಸಾಮಾನ್ಯವಾಗಿ ಗಾಲ್ಫ್ ಗಾಡಿ ಓಡಿಸೋರೂ ನೀವೇ, ಚೆಂಡು ಹೋಗೋ ಲೈನ್ ಓದೋರೂ ನೀವೇ. ಕಣ್ಣು ಅಲ್ಲಿ ಮೋಸ ಮಾಡುತ್ತೆ. ಹಿಂದೆ ಬೆಟ್ಟ, ಮುಂದೆ ಸಮುದ್ರ, ಹಾಗಾಗಿ ಇಳಿಯುವ ಪಟ್ (ಪಟರ್ ಹೊಡೆತ) ಕೂಡ ಏರಿದಂತೆ ಕಾಣಿಸುತ್ತೆ. ಬರ್ಮುಡಾ ಹುಲ್ಲಿಗೆ ಒಂದು ವಾಲು ಇರುತ್ತೆ, ಅದನ್ನು ಗ್ರೇನ್ ಅಂತಾರೆ. ಚೆಂಡಿನ ಹಿಂದೆ ನಿಂತಾಗ ಹುಲ್ಲು ಹೊಳೆದರೆ ವಾಲು ನಿಮ್ಮಿಂದ ಆಚೆಗಿದೆ, ಪಟ್ ಬೇಗ ಓಡುತ್ತೆ. ಮಂಕಾಗಿ ಕಂಡರೆ ಎದುರಿಗಿದೆ, ನಿಧಾನ. ಅನುಮಾನ ಇದ್ದರೆ ಗುಳಿಯ ಹತ್ತಿರ ಬಗ್ಗಿ ಅದರ ಅಂಚು ನೋಡಿ. ಒಂದು ಕಡೆ ಕತ್ತರಿಸಿದ ಹಾಗೆ ನೀಟಾಗಿರುತ್ತೆ. ಇನ್ನೊಂದು ಕಡೆ ಹುಲ್ಲು ಕಿತ್ತು, ಸ್ವಲ್ಪ ಕಂದಾಗಿ, ಹರಕಲಾಗಿರುತ್ತೆ. ಹರಕಲು ಇರೋ ಕಡೆಗೇ ವಾಲು. ಇದೂ ಗೊತ್ತಾಗದಿದ್ದರೆ ಸಮುದ್ರದ ಕಡೆಗೆ ಜಾಸ್ತಿ ಎಳೆಯುತ್ತೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಹೋದರೆ ಮೊಲೊಕಾಯ್ ದ್ವೀಪದ ಕಡೆಯ ನೀರಲ್ಲಿ ತಿಮಿಂಗಿಲ ಹಾರೋದು ಕಾಣಬಹುದು. ನೋಡಿ, ಆದರೆ ಹಿಂದಿನ ಗುಂಪಿಗೆ ದಾರಿ ಬಿಟ್ಟು ನೋಡಿ. ಅಲ್ಲಿ ನಿಧಾನ ಆಡೋರನ್ನು ಕಂಡರೆ ಆಟದ ವೇಗ ನೋಡಿಕೊಳ್ಳೋ ಮಾರ್ಷಲ್ ಬಂದೇ ಬರುತ್ತಾರೆ.

18ನೇ ಹೋಲ್ ಪಾರ್ 5, ಹಿಂದಿನ ಟೀಯಿಂದ 660 ಯಾರ್ಡ್‌ಗೂ ಜಾಸ್ತಿ. ಉದ್ದ ಕೇಳಿ ಹೆದರಬೇಡಿ, ಇಡೀ ಹೋಲ್ ಕೆಳಕ್ಕೆ ಇಳಿಯುತ್ತೆ, ಗಾಳಿಯೂ ಬೆನ್ನಿಗೆ. ಎಲ್ಲವೂ ಎಡಕ್ಕೆ ವಾಲಿದೆ, ಎಡಕ್ಕೇ ಕಮರಿ. ಹಾಗಾಗಿ ಎರಡನೇ ಹೊಡೆತಕ್ಕೂ ಬಲ, ಮೂರನೆಯದಕ್ಕೂ ಬಲ. ಗ್ರೀನ್‌ಗೆ ಮುಂಚೆ ಬಲಗಡೆ ಬೀಳಿಸಿ ಉರುಳೋಕೆ ಬಿಡಿ. ಎಡಕ್ಕೆ ಹೋದ ಚೆಂಡನ್ನು ಹುಡುಕೋಕೆ ಇಳಿಯಬೇಡಿ, ಇನ್ನೊಂದು ತೆಗೀರಿ. ಮುಗಿದ ಮೇಲೆ ಕ್ಲಬ್ ಒರೆಸಿಕೊಡೋ ಹುಡುಗರಿಗೆ ಕೊಡೋಕೆ ಐದು ಡಾಲರ್ ನೋಟು ಜೇಬಲ್ಲಿರಲಿ, ಕಾರ್ಡು ಅಲ್ಲಿ ಪ್ರಯೋಜನಕ್ಕೆ ಬರಲ್ಲ.