ಝೊಂಗ್ ಶೆಂಗ್‌ನನ್ನು ಹುಡುಕಿಕೊಂಡು ಹೋದದ್ದು

ಚೀನೀ ಪತ್ರಿಕೆ ಓದೋಕೆ ಶುರು ಮಾಡಿದ ಮೊದಲ ವರ್ಷ ಝೊಂಗ್ ಶೆಂಗ್ ಎಂಬ ಲೇಖಕನನ್ನು ಎಲ್ಲೆಲ್ಲೋ ಹುಡುಕಿದ್ದೆ. 'ರೆನ್‌ಮಿನ್ ರಿಬಾವೊ', ಅಂದರೆ ಚೀನಾದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿಯಲ್ಲಿ, ವಿದೇಶಾಂಗ ವಿಷಯದ ಖಾರವಾದ ಬರಹಗಳಿಗೆ ಅವನ ಹೆಸರು ಇರುತ್ತಿತ್ತು. ಯಾವ ಊರಿನವನು, ಇನ್ನೇನು ಬರೆದಿದ್ದಾನೆ? ಏನೂ ಸಿಗಲಿಲ್ಲ. ಸಿಗೋದು ಹೇಗೆ, ಅಂಥ ಮನುಷ್ಯನೇ ಇಲ್ಲ! ಆ ಹೆಸರಿನ ಅರ್ಥ 'ಗಂಟೆಯ ಸದ್ದು'. ಕಿವಿಗೆ ಮಾತ್ರ 'ಚೀನಾದ ದನಿ' ಅಂತಲೂ ಕೇಳಿಸುತ್ತದೆ. ಪತ್ರಿಕೆ ತನ್ನ ನಿಲುವು ಹೇಳೋಕೆ ಇಟ್ಟುಕೊಂಡ ಹೆಸರು ಅದು. ಅಂದಿನಿಂದ ಸುದ್ದಿಗಿಂತ ಮೊದಲು ಹೆಸರು ನೋಡುತ್ತೇನೆ.

ಎರಡು ಮೂರು ಸಾವಿರ ಅಕ್ಷರ ಬಂದರೆ ಪತ್ರಿಕೆ ಓದಬಹುದು ಅಂತಾರೆ. ಆದರೆ ಪದಗಳ ನಡುವೆ ಜಾಗವೇ ಬಿಡೋದಿಲ್ಲವಲ್ಲ! 'ಬಾನ್ ಜ್ಯಾ ಲುವೊ ಅರ್' ಅಂತ ನಾಲ್ಕು ಅಕ್ಷರ ಸಾಲಾಗಿ ಕೂತಿದ್ದವು. ಬಿಡಿಬಿಡಿಯಾಗಿ ಅರ್ಥ ಹುಡುಕಿ ಸುಸ್ತಾದೆ. ಗಟ್ಟಿಯಾಗಿ ಓದಿದಾಗ ಗೊತ್ತಾಯಿತು, ಅದು ನಮ್ಮ ಬೆಂಗಳೂರು. ಆಮೇಲೆ ಕನ್ನಡದಲ್ಲಿ ಓದಿ ಗೊತ್ತಿದ್ದ ಸುದ್ದಿಯನ್ನೇ ಚೀನೀಯಲ್ಲಿ ಓದತೊಡಗಿದೆ. ದೇವನಹಳ್ಳಿಯ ಐಫೋನ್ ಕಾರ್ಖಾನೆ ಸುದ್ದಿ ಇದಕ್ಕೆ ಚೆನ್ನಾಗಿ ಒದಗಿತು. ಆ ಕಾರ್ಖಾನೆಯ ತೈವಾನ್ ಕಂಪನಿ ಫಾಕ್ಸ್‌ಕಾನ್‌ಗೆ ಚೀನಾದವರು 'ಫುಶಿಕಾಂಗ್' ಅಂತ ಬರೆದರೆ, ತೈವಾನಿನವರು ಜಾಸ್ತಿ 'ಹೊಂಗ್‌ಹಾಯ್' ಅಂತಾರೆ. ಅಕ್ಷರದ ರೂಪವೂ ಬೇರೆ.

ಪದಕೋಶ ನಂಬಿ ಒಮ್ಮೆ ಕೆಟ್ಟೆ. ಎರಡು ದೇಶಗಳ ಮಾತುಕತೆಯ ವರದಿಯಲ್ಲಿ 'ತಾನ್‌ಷ್ವಾಯ್' ಅಂತ ಇತ್ತು. ನೇರವಾಗಿ, ಮನಬಿಚ್ಚಿ ಅಂತ ಅರ್ಥ. ಮಾತುಕತೆ ಚೆನ್ನಾಗಿ ನಡೆಯಿತು ಅಂತ ಬರೆದುಕೊಟ್ಟೆ. ಕೆಲಸದಲ್ಲಿ ನನಗಿಂತ ಹಿರಿಯರೊಬ್ಬರು ನೋಡಿ ನಕ್ಕರು: "ಅಯ್ಯೋ, ಅಲ್ಲಿ ಜಟಾಪಟಿ ಆಗಿದೆ ಕಣಮ್ಮಾ. ಸ್ನೇಹದಿಂದ ಮಾತಾಡಿದ್ದರೆ 'ಯೌಹಾವ್' ಅಂತ ಹಾಕೋರು."

ಅವತ್ತೇ ಒಂದು ನೋಟ್‌ಬುಕ್ ಮಾಡಿದೆ. ಇಂಥ ಸಿದ್ಧ ಮಾತು, ತಾರೀಕು, ಪತ್ರಿಕೆ, ಆಮೇಲೆ ಏನಾಯಿತು, ಇಷ್ಟೇ. ಅದರಲ್ಲಿ ಜಾಸ್ತಿ ಪುಟ ತಿಂದಿರೋದು 'ವು ವೆಯ್ ಯಾನ್ ಝಿ ಬು ಯು'. 'ಮೊದಲೇ ಹೇಳಲಿಲ್ಲ ಅನ್ನಬೇಡಿ' ಅಂತ ಅರ್ಥ. 1978ರ ಡಿಸೆಂಬರಿನಲ್ಲಿ ಪೀಪಲ್ಸ್ ಡೈಲಿ ವಿಯೆಟ್ನಾಂಗೆ ಹೀಗೆ ಹೇಳಿತು, ಫೆಬ್ರವರಿಯಲ್ಲಿ ಯುದ್ಧ. 2019ರ ಮೇನಲ್ಲಿ ಅಮೆರಿಕಕ್ಕೂ ಇದೇ ಮಾತು. ಆಗ ಇದ್ದದ್ದು ವ್ಯಾಪಾರದ ಜಗಳ, ವಿಷಯ ಅಪರೂಪದ ಖನಿಜಗಳದ್ದು. ಗುಂಡೇನೂ ಹಾರಲಿಲ್ಲ. ಹಾಗಾಗಿ ಈ ಮಾತು ಕಂಡ ತಕ್ಷಣ ಗಾಬರಿಯಾಗೋದು ಬಿಟ್ಟಿದ್ದೇನೆ.

ಬರೆಯದೇ ಬಿಟ್ಟದ್ದನ್ನು ಓದೋದು ಇನ್ನೂ ಕಷ್ಟ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ಘರ್ಷಣೆ ಆಯಿತಲ್ವಾ, ಚೀನಾ ಕಡೆ ಎಷ್ಟು ಜನ ಸತ್ತರು ಅಂತ ದಿನಾ ಹುಡುಕಿದೆ. ಎಂಟು ತಿಂಗಳು ಆ ಕಾಲಂ ಖಾಲಿ. 2021ರ ಫೆಬ್ರವರಿ 19ಕ್ಕೆ ನಾಲ್ವರು ಅಂತ ಬಂತು, ಸೇನೆಯದೇ ಪತ್ರಿಕೆ 'ಜ್ಯೆಫಾಂಗ್‌ಜ್ಯೂನ್ ಬಾವೊ'ದಲ್ಲಿ. ಸಂಖ್ಯೆ ಬರೆದುಕೊಳ್ಳುವ ಮೊದಲು ಪತ್ರಿಕೆಯ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ.