ಕೇಸು ಮುಗಿದ ದಿನ ಕಾವಲೂ ಮುಗಿಯುತ್ತದೆ: ಒಂಟಾರಿಯೊದಲ್ಲಿ ಗಂಡನ ಹೊಡೆತ, ಹಗುರ ಶಿಕ್ಷೆ ಮತ್ತು ನಮ್ಮವರು ಬೀಳುವ ಗುಂಡಿ

911ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ, ಹೊಡೆದವನನ್ನು ಕರೆದೊಯ್ಯುತ್ತಾರೆ. ಇಷ್ಟು ಕೆನಡಾಕ್ಕೆ ಬಂದ ವಾರದಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲಿನ ಎಂಟು ಹತ್ತು ತಿಂಗಳಲ್ಲಿ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಶಿರಸಿ, ಕುಮಟಾ, ಹೊನ್ನಾವರ, ಕಾರವಾರದಿಂದ ಬಂದು ಬ್ರಾಂಪ್ಟನ್, ಮಿಸಿಸಾಗಾ, ವಾಟರ್‌ಲೂ ಕಡೆ ನೆಲೆಸಿದ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಬಂಧನದ ರಾತ್ರಿ ಕಾನೂನಿನ ಬಿಗಿ ನೋಡಿ, ಶಿಕ್ಷೆಯೂ ಅಷ್ಟೇ ಬಿಗಿಯಾಗಿರುತ್ತದೆ ಎಂದು ಹುಡುಗಿಯೂ ಅವಳ ಮನೆಯವರೂ ನಂಬಿಬಿಡುತ್ತಾರೆ. ಹಾಗೆ ನಂಬಿ ಸುಮ್ಮನೆ ಕೂತಷ್ಟು ದಿನವೂ ಅವಳಿಗೆ ನಷ್ಟ.

ಮೊದಲ ಸಲದ ಹಲ್ಲೆ, ಆಯುಧವಿಲ್ಲ, ದೊಡ್ಡ ಗಾಯವಿಲ್ಲ ಎಂದಾದರೆ ಒಂಟಾರಿಯೊದಲ್ಲಿ ಸಾಮಾನ್ಯವಾಗಿ ಎರಡು ದಾರಿ. ಒಂದು ಪೀಸ್ ಬಾಂಡ್. ಅವನು ಕ್ರಿಮಿನಲ್ ಕೋಡ್‌ನ 810ನೇ ಕಲಮಿನಡಿ ಮುಚ್ಚಳಿಕೆ ಬರೆದುಕೊಡುತ್ತಾನೆ, ಸರ್ಕಾರ ಆರೋಪ ಹಿಂದಕ್ಕೆ ಪಡೆಯುತ್ತದೆ. ಇನ್ನೊಂದರಲ್ಲಿ ಅವನು ತಪ್ಪೊಪ್ಪಿಕೊಂಡು ಪಾರ್ಟ್‌ನರ್ ಅಸಾಲ್ಟ್ ರೆಸ್ಪಾನ್ಸ್ ಎಂಬ ತರಗತಿಗೆ 12 ಸಲ ಹೋಗಿ ಬರುತ್ತಾನೆ. ಆಮೇಲೆ ನ್ಯಾಯಾಧೀಶರು ಷರತ್ತಿನ ಬಿಡುಗಡೆ, ಅಂದರೆ ಕಂಡೀಶನಲ್ ಡಿಸ್‌ಚಾರ್ಜ್ ಕೊಡುತ್ತಾರೆ. ತಪ್ಪಿತಸ್ಥ ಎಂದು ತೀರ್ಮಾನವಾದರೂ ಕನ್ವಿಕ್ಷನ್, ಅಂದರೆ ಅಪರಾಧಿ ಎಂಬ ಮುದ್ರೆ, ದಾಖಲಾಗುವುದಿಲ್ಲ. ಪ್ರೊಬೇಶನ್ (ಜೈಲಿನ ಹೊರಗೆ, ಕೋರ್ಟು ಹಾಕಿದ ಷರತ್ತಿನಡಿ ಇರುವ ಅವಧಿ) ಮಾತ್ರ ಇರುತ್ತದೆ, ಅದೂ ಹೆಚ್ಚೆಂದರೆ 3 ವರ್ಷ. ಸಾದಾ ಹಲ್ಲೆಗೆ ಪುಸ್ತಕದಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಸಂಗಾತಿಯ ಮೇಲೆ ನಡೆದ ದೌರ್ಜನ್ಯ ಶಿಕ್ಷೆ ಹೆಚ್ಚಿಸುವ ಕಾರಣ ಎಂದು 718.2ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಮೊದಲ ಅಪರಾಧ, ತಪ್ಪೊಪ್ಪಿಗೆ, ಮುಗಿಸಿದ ತರಗತಿ, ಕೈಯಲ್ಲಿರುವ ಕೆಲಸ ಈ ನಾಲ್ಕು ಸೇರಿದರೆ ತಕ್ಕಡಿ ಅವನ ಕಡೆಗೇ ವಾಲುತ್ತದೆ.

ವೀಸಾದ ವಿಷಯವೂ ತೂಕಕ್ಕೆ ಬರುತ್ತದೆ. ವರ್ಕ್ ಪರ್ಮಿಟ್ ಅಥವಾ ಸ್ಟಡಿ ಪರ್ಮಿಟ್ ಮೇಲಿದ್ದವನಿಗೆ ಸಾದಾ ಹಲ್ಲೆಯ ಒಂದು ಕನ್ವಿಕ್ಷನ್ ಕೂಡ ದೇಶ ಬಿಡಿಸಬಲ್ಲದು. ಪಿಆರ್ (ಕೆನಡಾದ ಕಾಯಂ ವಾಸದ ಹಕ್ಕು) ಇದ್ದವನಿಗೆ ಅದೇ ಹಲ್ಲೆಯಲ್ಲಿ 6 ತಿಂಗಳಿಗಿಂತ ಹೆಚ್ಚಿನ ಜೈಲಾದರೆ, ಇಲ್ಲವೇ ಅಪರಾಧ 10 ವರ್ಷದ ಶಿಕ್ಷೆಯ ವರ್ಗದ್ದಾದರೆ (ಗಾಯವಾಗುವಂತೆ ಹೊಡೆಯುವುದು, ಕತ್ತು ಹಿಸುಕುವುದು ಇದರಲ್ಲಿ ಬರುತ್ತವೆ), ಪಿಆರ್ ಹೋಗುವ ಅಪಾಯವಿದೆ. ಶಿಕ್ಷೆ ಅಪರಾಧಕ್ಕೆ ತಕ್ಕದ್ದಾಗಿರುವವರೆಗೆ ನ್ಯಾಯಾಧೀಶರು ಈ ಪರಿಣಾಮವನ್ನೂ ಗಮನಿಸಬಹುದು ಎಂದು ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ, ಫಾಮ್ ಎಂಬವನ ಪ್ರಕರಣದಲ್ಲಿ ಹೇಳಿದೆ. ಡಿಸ್‌ಚಾರ್ಜ್ ಕನ್ವಿಕ್ಷನ್ ಅಲ್ಲವಾದ್ದರಿಂದ ಅವನ ವಕೀಲರು ಅದನ್ನೇ ಹಟ ಹಿಡಿದು ಕೇಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಕೋರ್ಟು ನೋಡುವುದು ಆರೋಪಪಟ್ಟಿಯಲ್ಲಿರುವ ಒಂದು ರಾತ್ರಿಯನ್ನು. ಮೂರು ವರ್ಷ ಅವಳ ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದು, ಸಂಬಳದ ಖಾತೆ ತಾನೇ ನೋಡಿಕೊಂಡದ್ದು, ಆಯಿಗೆ ಫೋನ್ ಮಾಡುವಾಗ ಪಕ್ಕದಲ್ಲೇ ನಿಂತದ್ದು ಆ ಹಾಳೆಯಲ್ಲಿ ಇರುವುದಿಲ್ಲ. ಅಂಥ ಹಿಡಿತದ ಚಟ 12 ತರಗತಿಗೆ ಬಿಡುವಂಥದ್ದಲ್ಲ.

ಇನ್ನು ಆ ಗುಂಡಿಯ ವಿಷಯ. ಬಂಧನವಾದ ಮರುದಿನ ಅವನಿಗೆ ಸಿಗುವ ರಿಲೀಸ್ ಆರ್ಡರ್‌ನಲ್ಲಿ ಅವಳ ಜೊತೆ ಸಂಪರ್ಕ ಕೂಡದು, ಮನೆ ಮತ್ತು ಕೆಲಸದ ಜಾಗದಿಂದ ಇಷ್ಟು ಮೀಟರ್ ದೂರ ಇರಬೇಕು ಎಂದು ಬರೆದಿರುತ್ತದೆ. ಅದನ್ನು ನೋಡಿದ ಹುಡುಗಿ ‘ನನಗೆ ರಕ್ಷಣಾ ಆದೇಶ ಸಿಕ್ಕಿತು’ ಎಂದುಕೊಳ್ಳುತ್ತಾಳೆ. ಊರಿನ ಕಾನೂನು ಸ್ವಲ್ಪ ಗೊತ್ತಿದ್ದವರೇ ಇದರಲ್ಲಿ ಹೆಚ್ಚು ಮೋಸ ಹೋಗುವುದು. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಶಿರಸಿಯ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟು 18ನೇ ಕಲಮಿನ ರಕ್ಷಣಾ ಆದೇಶ ಕೊಟ್ಟರೆ, 25ನೇ ಕಲಮಿನ ಪ್ರಕಾರ ಅವಳೇ ಬೇಡ ಎಂದು ಅರ್ಜಿ ಹಾಕುವವರೆಗೆ ಅದು ಜಾರಿಯಲ್ಲಿರುತ್ತದೆ. ಒಂಟಾರಿಯೊದ ರಿಲೀಸ್ ಆರ್ಡರ್ ಹಾಗಲ್ಲ. ಅದು ಅವನ ಜಾಮೀನಿನ ಷರತ್ತು, ಅವಳ ಆಸ್ತಿಯಲ್ಲ. ಆರೋಪ ಹಿಂತೆಗೆದುಕೊಂಡ ಕ್ಷಣ ಅಥವಾ ಶಿಕ್ಷೆ ಓದಿದ ಕ್ಷಣ ಅದು ಸತ್ತುಹೋಗುತ್ತದೆ. ಅದರ ಬದಲು ಪೀಸ್ ಬಾಂಡ್ ಬಂದರೆ ಅದರ ಆಯುಷ್ಯ ಹೆಚ್ಚೆಂದರೆ 12 ತಿಂಗಳು. ಪ್ರೊಬೇಶನ್ ಬಂದರೆ ಅದರಲ್ಲಿ ಬರೆದ ಅವಧಿ, ಅದೂ ಸಂಪರ್ಕ ನಿಷೇಧವನ್ನು ಪ್ರತ್ಯೇಕವಾಗಿ ಬರೆದಿದ್ದರೆ ಮಾತ್ರ. ಅವನು ಪ್ರೊಬೇಶನ್ ಮೇಲಿದ್ದಾನೆ ಎಂದ ಮಾತ್ರಕ್ಕೆ ಅವಳ ಮನೆಗೆ ಬರಬಾರದು ಎಂದೇನಿಲ್ಲ.

ಆ ದಿನಾಂಕ ದಾಟಿದ ಮರುದಿನ ಅವನು ಬಾಗಿಲಿಗೆ ಬಂದು ನಿಂತರೆ, ನಿಂತದ್ದಷ್ಟೇ ಅಪರಾಧವಲ್ಲ. ಪೊಲೀಸರಿಗೆ ಹೊಸ ಘಟನೆಯೇ ಬೇಕು.

ಆದ್ದರಿಂದ ಕ್ರಿಮಿನಲ್ ಕೇಸು ಜೀವಂತವಿರುವಾಗಲೇ ಫ್ಯಾಮಿಲಿ ಕೋರ್ಟಿನಲ್ಲಿ ಬೇರೆ ಅರ್ಜಿ ಹಾಕಬೇಕು. ಒಂಟಾರಿಯೊದ ಫ್ಯಾಮಿಲಿ ಲಾ ಆ್ಯಕ್ಟ್‌ನ 46ನೇ ಕಲಮಿನಡಿ ರಿಸ್ಟ್ರೇನಿಂಗ್ ಆರ್ಡರ್, ಅಂದರೆ ಅವನು ಹತ್ತಿರ ಬರದಂತೆ ತಡೆಯುವ ಆದೇಶ ಸಿಗುತ್ತದೆ. ತನಗೋ ಮಕ್ಕಳಿಗೋ ಅಪಾಯವಿದೆ ಎಂಬ ಭಯಕ್ಕೆ ನ್ಯಾಯವಾದ ಕಾರಣವಿದೆ ಎಂದು ತೋರಿಸಿದರೆ ಸಾಕು, ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಸಾಕ್ಷ್ಯ ಬೇಕಿಲ್ಲ. ಇದನ್ನು ಕೊನೆಯ ದಿನಾಂಕ ಇಲ್ಲದೆಯೂ ಕೊಡಬಹುದು. ಮುರಿದರೆ ಕ್ರಿಮಿನಲ್ ಕೋಡ್‌ನ 127ನೇ ಕಲಮಿನಡಿ ಬಂಧನ, 2 ವರ್ಷದವರೆಗೆ ಜೈಲು. ಅರ್ಜಿಗೆ ಫಾರ್ಮ್ 8, ತುರ್ತು ಮೋಶನ್‌ಗೆ (ಕೇಸು ಮುಗಿಯುವ ಮೊದಲೇ ಆದೇಶ ಕೇಳುವ ಕೋರಿಕೆಗೆ) ಫಾರ್ಮ್ 14, ಪ್ರಮಾಣಪತ್ರಕ್ಕೆ (ಅಫಿಡವಿಟ್) 14ಎ, ಮಕ್ಕಳಿದ್ದರೆ ಜೊತೆಗೆ 35.1. ಒಂಟಾರಿಯೊ ಕೋರ್ಟ್ ಆಫ್ ಜಸ್ಟಿಸ್‌ನಲ್ಲಿ ಹಾಕಿದರೆ ಶುಲ್ಕವಿಲ್ಲ; ವಿಚ್ಛೇದನವನ್ನೋ ಆಸ್ತಿಯ ಪಾಲನ್ನೋ ಕೇಳುವುದಾದರೆ ಸುಪೀರಿಯರ್ ಕೋರ್ಟಿಗೆ ಹೋಗಬೇಕು. ತೀರಾ ಅಪಾಯವಿದ್ದರೆ ಅವನಿಗೆ ನೋಟಿಸ್ ಕೊಡದೆಯೇ ತಾತ್ಕಾಲಿಕ ಆದೇಶ ಕೇಳಬಹುದು, ಆಗ 14 ದಿನದೊಳಗೆ ವಿಚಾರಣೆ ಮತ್ತೆ ಬರುತ್ತದೆ. ಕಾಗದ ಅವನ ಕೈಗೆ ಅವಳೇ ಮುಟ್ಟಿಸಬಾರದು. ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ಲೀಗಲ್ ಏಡ್ ಒಂಟಾರಿಯೊ 2 ಗಂಟೆ ವಕೀಲರ ಸಲಹೆಯನ್ನು ಉಚಿತವಾಗಿ ಕೊಡಿಸುತ್ತದೆ. ಆ ಎರಡು ಗಂಟೆಯನ್ನು ಇದಕ್ಕೇ ಖರ್ಚು ಮಾಡಿ.

ಪ್ರಮಾಣಪತ್ರ ಸೋಲುವುದು ಬರೆಯುವ ರೀತಿಯಲ್ಲಿ. ‘ಯಾವಾಗಲೂ ಹೊಡೆಯುತ್ತಿದ್ದ’ ಎಂಬ ವಾಕ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಯಾವ ದಿನ, ಯಾವ ಕೋಣೆ, ಯಾವ ಕೈ, ಮಗು ಎಲ್ಲಿತ್ತು, ಆಮೇಲೆ ಯಾರಿಗೆ ಹೇಳಿದಳು, ಹೀಗೆ ಬರೆಯಬೇಕು. ಮೊದಲ ಹೊಡೆತ, ಅತಿ ಕೆಟ್ಟದ್ದು, ಕೊನೆಯದು, ಈ ಮೂರನ್ನು ಬಿಡಬಾರದು. ಜೊತೆಗೆ ರಿಲೀಸ್ ಆರ್ಡರ್‌ನ ಪ್ರತಿ, ಫೋಟೊ, ವೈದ್ಯರ ಚೀಟಿ. ವಾಟ್ಸಾಪ್ ಸಂದೇಶ ಕನ್ನಡದಲ್ಲೋ ಕೊಂಕಣಿಯಲ್ಲೋ ಇದ್ದರೆ ಇಂಗ್ಲಿಷ್ ಅನುವಾದವನ್ನೂ ಅನುವಾದಕರ ಪ್ರಮಾಣವನ್ನೂ ಲಗತ್ತಿಸಬೇಕು. ಇಲ್ಲಿ ಎಚ್ಚರ ಬೇಕು. ‘ಊರಿಗೆ ಬಾ, ನೋಡ್ಕಳ್ತೆ’ ಎಂಬ ಧ್ವನಿಸಂದೇಶವನ್ನು ಪದಕ್ಕೆ ಪದ ಅನುವಾದಿಸಿದರೆ ಅವನು ಅವಳನ್ನು ಚೆನ್ನಾಗಿ ನೋಡಿಕೊಳ್ಳುವೆ ಎಂದಂತಾಗುತ್ತದೆ. ಅದು ಬೆದರಿಕೆ ಎಂದು ಗೊತ್ತಿರುವ, ಕರಾವಳಿಯ ಮಾತು ಬಲ್ಲ ಅನುವಾದಕರೇ ಬೇಕು. ಸಂಬಂಧಿಕರನ್ನು ದುಭಾಷಿ ಮಾಡಿಕೊಳ್ಳಬೇಡಿ. ಸಾಕ್ಷಿ ಹೇಳುವಾಗ ಭಾಷೆ ಅರ್ಥವಾಗದಿದ್ದರೆ ಕೋರ್ಟಿನ ದುಭಾಷಿ ಅವಳ ಹಕ್ಕು, ಮೊದಲೇ ತಿಳಿಸಿ ಪಡೆಯಬೇಕು.

ಊರಿನಲ್ಲಿರುವ ಹಿರಿಯರು ಈ ಭಾಗವನ್ನು ಎರಡು ಸಲ ಓದಿ. ಷರತ್ತಿನಲ್ಲಿ ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬ ಮಾತಿರುತ್ತದೆ. ಮಗನ ಪರವಾಗಿ ಅತ್ತೆ ಶಿರಸಿಯಿಂದ ಫೋನ್ ಮಾಡಿ ‘ತಂಗಿ, ಒಂದ್ಸಲ ಅಂವನ ಮಾತು ಕೇಳು’ ಎಂದರೆ, ಮಾವ ಕುಮಟೆಯಿಂದ ಭಾವನ ಕೈಲಿ ಹೇಳಿ ಕಳಿಸಿದರೆ, ಅದು ಪರೋಕ್ಷ ಸಂಪರ್ಕ. ಮಗ ಹೇಳಿ ಮಾಡಿಸಿದ್ದು ಎಂದು ಕಂಡರೆ ಷರತ್ತು ಮುರಿದದ್ದಕ್ಕೆ ಅವನ ಮೇಲೆ ಇನ್ನೊಂದು ಕೇಸು ಬೀಳುತ್ತದೆ. ಮನೆಯೊಳಗಿನ ಪಂಚಾಯ್ತಿಕೆ ನಮ್ಮಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ, ಒಪ್ಪುತ್ತೇನೆ. ಇಲ್ಲಿ ಅದು ಮಗನನ್ನು ಜೈಲಿಗೂ ಸೊಸೆಯನ್ನು ಇನ್ನಷ್ಟು ಅಪಾಯಕ್ಕೂ ತಳ್ಳುತ್ತದೆ. ಕೇಸು ಹಿಂತೆಗೆದುಕೋ ಎಂದು ಅವಳನ್ನು ಪೀಡಿಸಿ ಪ್ರಯೋಜನವೂ ಇಲ್ಲ. ಕೇಸು ಅವಳದ್ದಲ್ಲ, ಸರ್ಕಾರದ್ದು. ನಿಲ್ಲಿಸುವುದು ಬಿಡುವುದು ಕ್ರೌನ್ ಅಟಾರ್ನಿಯ, ಅಂದರೆ ಸರ್ಕಾರಿ ವಕೀಲರ ಕೈಯಲ್ಲಿದೆ.

ಪೀಡನೆಗೆ ಮಣಿದು ಅವಳು ಸಹಿ ಹಾಕುವ ಒಂದು ಕಾಗದ ಮಾತ್ರ ಕೆಲಸ ಮಾಡುತ್ತದೆ. ಅನೇಕ ಷರತ್ತುಗಳಲ್ಲಿ ‘ಅವಳ ಲಿಖಿತ, ಹಿಂಪಡೆಯಬಹುದಾದ ಒಪ್ಪಿಗೆ ಇದ್ದರೆ ಸಂಪರ್ಕಿಸಬಹುದು’ ಎಂಬ ವಿನಾಯಿತಿ ಇರುತ್ತದೆ. ಅತ್ತೆ ಅತ್ತರೆಂದು ಸಹಿ ಹಾಕಿದ ಆ ಒಂದು ಸಾಲು ಅವನನ್ನು ಮತ್ತೆ ಅದೇ ಮನೆಗೆ ತರುತ್ತದೆ; ಶಿಕ್ಷೆಯ ದಿನ ‘ಸಂಸಾರ ಸರಿಹೋಗಿದೆ’ ಎಂದು ಅವನ ವಕೀಲರು ಅದನ್ನೇ ಎತ್ತಿ ತೋರಿಸುತ್ತಾರೆ. ಸಹಿ ಹಾಕಿ ಆಗಿದ್ದರೆ ಯಾವ ಹೊತ್ತಿಗೂ ವಾಪಸು ಪಡೆಯಬಹುದು. ತನಿಖಾಧಿಕಾರಿಗೆ ಬರಹದಲ್ಲಿ ಕಳಿಸಿ, ಕಳಿಸಿದ್ದಕ್ಕೆ ಪ್ರತಿ ಇಟ್ಟುಕೊಳ್ಳಿ.

ಶಿಕ್ಷೆಯ ದಿನಕ್ಕೆ ಮೊದಲು ಅವಳ ಕೈಯಲ್ಲಿ ಎರಡು ಹತಾರಗಳಿವೆ, ನಮ್ಮವರು ಎರಡನ್ನೂ ಬಿಟ್ಟುಕೊಡುತ್ತಾರೆ. ಮೊದಲನೆಯದು ವಿಕ್ಟಿಮ್ ಇಂಪ್ಯಾಕ್ಟ್ ಸ್ಟೇಟ್‌ಮೆಂಟ್. ದೇಹಕ್ಕೆ, ಮನಸ್ಸಿಗೆ, ದುಡ್ಡಿಗೆ ಆದ ಪೆಟ್ಟನ್ನೂ ಈಗಲೂ ಇರುವ ಭಯವನ್ನೂ ಬರೆದು ಕೊಟ್ಟರೆ ನ್ಯಾಯಾಧೀಶರು ಪರಿಗಣಿಸಲೇಬೇಕು. ಅದರಲ್ಲಿ ಸಾಬೀತಾಗದ ಬೇರೆ ಆರೋಪಗಳನ್ನು ತುರುಕಬಾರದು, ಕೋರ್ಟಿನ ಅನುಮತಿಯಿಲ್ಲದೆ ‘ಇಷ್ಟು ಶಿಕ್ಷೆ ಕೊಡಿ’ ಎಂದೂ ಬರೆಯಬಾರದು. ಬರೆದರೆ ಆ ಸಾಲುಗಳಿಗೆ ಬೆಲೆಯಿಲ್ಲ. ಪ್ರತಿ ಅವನಿಗೂ ಹೋಗುತ್ತದೆ, ಆದ್ದರಿಂದ ಹೊಸ ವಿಳಾಸ, ಮಗುವಿನ ಶಾಲೆಯ ಹೆಸರು ಬೇಡ. ಎರಡನೆಯದು ನಷ್ಟ ಪರಿಹಾರ. ಗಾಯವೋ ಬೆದರಿಕೆಯೋ ಆಗಿ ಮನೆ ಬಿಟ್ಟು ಹೋಗಬೇಕಾಗಿ ಬಂದರೆ ಬಾಡಿಗೆ, ಊಟ, ಮಗುವಿನ ಪಾಲನೆ, ಓಡಾಟ, ಇವುಗಳ ನಿಜವಾದ ಖರ್ಚನ್ನು ಅವನಿಂದ ಕೊಡಿಸಲು ಕ್ರಿಮಿನಲ್ ಕೋಡ್‌ನ 738ನೇ ಕಲಮಿನಲ್ಲಿ ಅವಕಾಶವಿದೆ. ರಸೀದಿ ಬೇಕು. ಮನೆ ಬಿಟ್ಟ ರಾತ್ರಿಯ ಟ್ಯಾಕ್ಸಿಯ ಬಿಲ್ಲಿನಿಂದಲೇ ಕೂಡಿಡಲು ಶುರುಮಾಡಿ. ಎರಡಕ್ಕೂ ಫಾರ್ಮ್ ಕೊಡುವವರು ಕೋರ್ಟಿನಲ್ಲೇ ಇರುವ ವಿಕ್ಟಿಮ್ ವಿಟ್ನೆಸ್ ಅಸಿಸ್ಟೆನ್ಸ್ ಪ್ರೋಗ್ರಾಂನವರು, ಉಚಿತ. ಮುಂದಿನ ತಾರೀಕು ಯಾವಾಗ, ಕ್ರೌನ್ ಏನು ಕೇಳಲಿದೆ, ಪ್ರೊಬೇಶನ್‌ನಲ್ಲಿ ಸಂಪರ್ಕ ನಿಷೇಧ ಸೇರಿಸುತ್ತಾರೆಯೇ ಎಂದು ಅವರ ಮೂಲಕವೇ ಕೇಳಿ. ಕೇಳದಿದ್ದರೆ ಕೇಸು ಮುಗಿದದ್ದು ಆಮೇಲೆ ಗೊತ್ತಾಗುತ್ತದೆ.

ಶಿಕ್ಷೆ ಕಡಿಮೆಯಾಯಿತೆಂದು ಅವಳು ಅಪೀಲು ಹೋಗಲಾರಳು. ಅದು ಕ್ರೌನ್‌ಗೆ ಮಾತ್ರ ಸಾಧ್ಯ, 30 ದಿನದೊಳಗೆ.

ವೀಸಾದ ಹೆದರಿಕೆಗೆ ಬಾಯಿ ಮುಚ್ಚಿ ಕೂತವರಿಗೆ ಒಂದು ಮಾತು. ಪಿಆರ್ ಆದ ಹೆಂಡತಿ ಗಂಡನನ್ನು ಬಿಟ್ಟರೆ ಪಿಆರ್ ಹೋಗುವುದಿಲ್ಲ. ಎರಡು ವರ್ಷ ಒಟ್ಟಿಗಿರಲೇಬೇಕೆಂಬ ಹಳೆಯ ಷರತ್ತು 2017ರಲ್ಲೇ ರದ್ದಾಗಿದೆ. ಪಿಆರ್ ಇಲ್ಲದವರಿಗೆ 2019ರ ಜುಲೈಯಿಂದ ಕೌಟುಂಬಿಕ ಹಿಂಸೆಯ ವಿಶೇಷ ತಾತ್ಕಾಲಿಕ ಪರ್ಮಿಟ್ ಇದೆ, ಮೊದಲ ಸಲಕ್ಕೆ ಶುಲ್ಕವಿಲ್ಲ.

ಎರಡೂ ವ್ಯವಸ್ಥೆ ಕಂಡವರಿಗೆ ಒಂದು ಸ್ಪಷ್ಟವಾಗುತ್ತದೆ. ಆದೇಶ ಮುರಿದಾಗ ಪೊಲೀಸರು ಓಡಿಬರುವ ವಿಷಯದಲ್ಲಿ ಒಂಟಾರಿಯೊ ಬಹಳ ಮುಂದಿದೆ. ಆದೇಶದ ಆಯುಷ್ಯವನ್ನು ಹೆಣ್ಣಿನ ಕೈಯಲ್ಲಿಡುವ ವಿಷಯದಲ್ಲಿ ನಮ್ಮ 2005ರ ಕಾಯ್ದೆಯೇ ಮೇಲು, ಒಂಟಾರಿಯೊ ಅದನ್ನು ನೋಡಿ ಕಲಿಯಬೇಕು.

ಶಿಕ್ಷೆಯಾದ ದಿನವೇ ಪ್ರೊಬೇಶನ್ ಆರ್ಡರ್ ಅಥವಾ ಪೀಸ್ ಬಾಂಡ್‌ನ ಪ್ರತಿ ಕೇಳಿ ಪಡೆಯಿರಿ. ಮುಗಿಯುವ ದಿನಾಂಕಕ್ಕೆ ಮೂರು ತಿಂಗಳು ಮೊದಲೇ ಫೋನಿನಲ್ಲಿ ಅಲಾರಂ ಇಡಿ; ಫ್ಯಾಮಿಲಿ ಕೋರ್ಟಿನ ಆದೇಶ ಇನ್ನೂ ಇಲ್ಲದಿದ್ದರೆ ಆ ವಾರವೇ ಅರ್ಜಿ. ಆದೇಶ ಬಂದ ಮೇಲೆ ಪೊಲೀಸರ ಕಂಪ್ಯೂಟರಿಗೆ ಏರಿದೆಯೇ ಎಂದು ಠಾಣೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಒಂದು ಪ್ರತಿ ಮಗುವಿನ ಶಾಲೆಗೆ, ಒಂದು ಡೇಕೇರ್‌ಗೆ, ಒಂದು ಕೈಚೀಲದಲ್ಲಿ, ಇನ್ನೊಂದರ ಫೋಟೊ ಫೋನಿನಲ್ಲಿ.